ನಿಧಾನ ಎಲ್ಲಿದೆ ಎಂದು ಅಳೆದ ಮೇಲೆ

ನನ್ನ ಬೋಧನಾಭ್ಯಾಸದ ದಾಖಲೆ ಪುಸ್ತಕದಲ್ಲಿ ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ನಿಧಾನ ಕಲಿಕೆ, ಪರಿಹಾರ ಬೋಧನೆ ಅಗತ್ಯ’ ಎಂದು ಬರೆದಿದ್ದೆ. ಈಗ ಆ ಸಾಲಿನ ಮೇಲೆ ಒಂದು ಅಡ್ಡಗೀಟು ಇದೆ. ಗೀಟು ಎಳೆದದ್ದೂ ನಾನೇ. ಬರೆದ ದಿನಕ್ಕೂ ಅಳಿಸಿದ ದಿನಕ್ಕೂ ನಡುವೆ ಮೂರು ವಾರ. ಆ ಮೂರು ವಾರದಲ್ಲಿ ನಾನು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ, ಸಂಜೆ ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ನಿಧಾನವಾಗಿ ಓಡುತ್ತಿದ್ದ ಒಂದು ಪ್ರೋಗ್ರಾಂ ಜೊತೆ ಗುದ್ದಾಡುತ್ತಿದ್ದೆ. ಎರಡೂ ಕಡೆ ಒಂದೇ ತಪ್ಪು ಮಾಡಿದ್ದೇನೆ ಎಂದು ತಿಳಿಯಲು ತಡವಾಯಿತು. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು ಎಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪದಪಟ್ಟಿಯ ಕೆಲಸ

ನಮ್ಮ ಯೋಜನಾಕಾರ್ಯಕ್ಕೆ ನಾನು ಆರಿಸಿಕೊಂಡ ವಿಷಯ ಪಠ್ಯಪುಸ್ತಕಗಳ ಪದಗಳು. ಆರರಿಂದ ಎಂಟನೇ ತರಗತಿವರೆಗಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಪುಸ್ತಕಗಳಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ, ಯಾವ ಪಾರಿಭಾಷಿಕ ಪದ ಮೊದಲ ಸಲ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಪಟ್ಟಿ ಮಾಡಬೇಕಿತ್ತು. ‘ಸಹಗುಣಕ’, ‘ವ್ಯುತ್ಕ್ರಮ’ದಂಥ ಪದಗಳನ್ನು ಮಕ್ಕಳು ಯಾವ ಪುಟದಲ್ಲಿ ಮೊದಲು ಎದುರಿಸುತ್ತಾರೆ ಎಂದು ಗೊತ್ತಿದ್ದರೆ ಪಾಠಯೋಜನೆಯಲ್ಲಿ ಆ ಪದಕ್ಕೆ ಎರಡು ನಿಮಿಷ ಎತ್ತಿಡಬಹುದು ಎಂಬುದು ಉದ್ದೇಶ. ಪುಸ್ತಕಗಳ ಪಠ್ಯ ನುಡಿ ಅಕ್ಷರಶೈಲಿಯಲ್ಲಿತ್ತು. ಅದನ್ನು ಯುನಿಕೋಡ್‌ಗೆ ಬದಲಿಸಿ, ಕೆಟ್ಟುಹೋದ ಒತ್ತಕ್ಷರಗಳನ್ನು ಕೈಯಿಂದ ತಿದ್ದಿ, ಒಟ್ಟು ಸುಮಾರು 3 ಲಕ್ಷ ಪದಗಳ ಕಡತ ಮಾಡಿಕೊಂಡೆ.

ಎಣಿಸುವ ಪ್ರೋಗ್ರಾಂ ಅನ್ನು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದೆ. ಬಿಎಸ್ಸಿ ಭಾಗದಲ್ಲಿ ನಾನು ಕಲಿತ ಭಾಷೆಗಳಲ್ಲಿ ಗಣಿತಕ್ಕೆ ತೀರ ಹತ್ತಿರವಾದದ್ದು ಅದೇ. ಗಣಿತದಲ್ಲಿ ನಾವು ಫಲನ ಎಂದು ಬರೆಯುವುದನ್ನು ಹೆಚ್ಚುಕಡಿಮೆ ಹಾಗೆಯೇ ಅಲ್ಲಿ ಬರೆಯಬಹುದು. ‘ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂದು ಆಜ್ಞೆ ಕೊಡುವ ಬದಲು ‘ಇದೆಂದರೆ ಇದು’ ಎಂದು ಹೇಳುತ್ತಾ ಹೋಗುತ್ತೇವೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನು ಈ ಭಾಷೆಗೆ ಇಟ್ಟಿದ್ದಾರೆ. 1987ರಲ್ಲಿ ಸಂಶೋಧಕರು ಸೇರಿ ಇಂಥದೊಂದು ಸಾಮಾನ್ಯ ಭಾಷೆ ಬೇಕೆಂದು ನಿರ್ಧರಿಸಿದರು, 1990ರಲ್ಲಿ ಅದರ ಮೊದಲ ವರದಿ ಹೊರಬಂತು. ಇಂದು ಹೆಚ್ಚು ಬಳಕೆಯಲ್ಲಿರುವ ಅದರ ಕಂಪೈಲರ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು.

ನನ್ನ ಪ್ರೋಗ್ರಾಂ ಒಂದು ಪುಟವನ್ನೂ ಮೀರಿರಲಿಲ್ಲ. ನೋಡಲು ಚೆನ್ನಾಗಿತ್ತು. ಒಂದು ಪಾಠದ ಮೇಲೆ ಓಡಿಸಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಪೂರ್ತಿ ಕಡತದ ಮೇಲೆ ಓಡಿಸಿದೆ. ಪ್ರಯೋಗಾಲಯದ ಹಳೆಯ ಯಂತ್ರ 11 ನಿಮಿಷ ತೆಗೆದುಕೊಂಡಿತು. ಪಠ್ಯದಲ್ಲಿ ಒಂದು ತಪ್ಪು ತಿದ್ದಿದರೆ ಮತ್ತೆ 11 ನಿಮಿಷ.

ಊಹೆಯ ಮೂರು ದಿನ

ಯಾವ ಭಾಗ ನಿಧಾನ ಎಂಬುದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಸಾಲುಗಳನ್ನು ಪದಗಳಾಗಿ ಒಡೆಯುವ ಫಂಕ್ಷನ್ ಎಂದು ಖಚಿತವಾಗಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಹ್ಯಾಸ್ಕೆಲ್‌ನ ಸಾಮಾನ್ಯ ‘ಸ್ಟ್ರಿಂಗ್’ ಎಂದರೆ ಅಕ್ಷರಗಳ ಸರಪಳಿ, ಒಂದೊಂದು ಅಕ್ಷರಕ್ಕೂ ಒಂದೊಂದು ಕೊಂಡಿ. 64 ಬಿಟ್ ಯಂತ್ರದಲ್ಲಿ ಪ್ರತಿ ಕೊಂಡಿಗೆ 24 ಬೈಟ್ ಬೇಕು. ಇಂಗ್ಲಿಷ್ ಅಕ್ಷರಗಳಾದರೆ ಕಂಪೈಲರ್ ಮೊದಲೇ ಮಾಡಿಟ್ಟುಕೊಂಡ ಪ್ರತಿಗಳನ್ನು ಹಂಚಿಕೊಂಡು ಬಳಸಬಹುದು. ಕನ್ನಡಕ್ಕೆ ಆ ಸೌಲಭ್ಯ ಇಲ್ಲ. ಹಾಗಾಗಿ ಪ್ರತಿ ಅಕ್ಷರಕ್ಕೆ ಇನ್ನೂ 16 ಸೇರಿ 40 ಬೈಟ್ ಆಗುತ್ತದೆ. ಮೇಲಾಗಿ ನಮ್ಮ ‘ಕ್ಷ’ ಕಣ್ಣಿಗೆ ಒಂದೇ ಅಕ್ಷರವಾದರೂ ಯುನಿಕೋಡ್‌ನಲ್ಲಿ ಕ, ಹಲಂತ, ಷ ಎಂದು ಮೂರು ಸಂಕೇತ. ಕನ್ನಡವೇ ಭಾರ, ಒಡೆಯುವುದೇ ಕಷ್ಟ ಎಂದುಕೊಂಡೆ.

ಮೂರು ಸಂಜೆ ಕೂತು ಆ ಫಂಕ್ಷನ್ ಅನ್ನು ಮತ್ತೆ ಬರೆದೆ. ಮೊದಲು ನಾಲ್ಕು ಸಾಲಿದ್ದದ್ದು ನಲವತ್ತು ಸಾಲಾಯಿತು. ವಿರಾಮ ಚಿಹ್ನೆ, ಅಂಕಿ, ಅಡ್ಡಗೆರೆ ಎಲ್ಲವನ್ನೂ ಒಂದೇ ಓಟದಲ್ಲಿ ನೋಡಿಕೊಳ್ಳುವಂತೆ ಮಾಡಿದೆ. ನಾನೇ ಬರೆದದ್ದು ಮಾರನೇ ದಿನ ನನಗೇ ಓದಲು ಬರಲಿಲ್ಲ. ಓಡಿಸಿ ನೋಡಿದರೆ 11 ನಿಮಿಷದಲ್ಲಿ 8 ಸೆಕೆಂಡು ಉಳಿದಿತ್ತು.

ಪ್ರಯೋಗಾಲಯದ ಉಪನ್ಯಾಸಕರು ಹಿಂದೆ ಬಂದು ನಿಂತು ಕೇಳಿದರು: “ಅಲ್ಲೇ ನಿಧಾನ ಅಂತ ಅಳೆದು ನೋಡಿದ್ರಾ, ಇಲ್ಲಾ ಅನ್ನಿಸಿತಾ?”

“ಅನ್ನಿಸಿತು ಸರ್.”

“ಹಾಗಾದ್ರೆ ಮೊದಲು ಅಳೀರಿ. ಆಮೇಲೆ ಮಾತಾಡೋಣ.”

ಅಳೆಯುವ ಸಾಧನ ಕಂಪೈಲರ್ ಜೊತೆಗೇ ಇತ್ತು. ಅದಕ್ಕೆ ಪ್ರೊಫೈಲರ್ ಎನ್ನುತ್ತಾರೆ. ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ ಆಯ್ಕೆಗಳನ್ನು ಕೊಟ್ಟು ಮತ್ತೆ ಕಂಪೈಲ್ ಮಾಡಬೇಕು. ಆಗ ಕಂಪೈಲರ್ ಒಂದೊಂದು ಫಂಕ್ಷನ್‌ಗೂ ಒಂದೊಂದು ‘ಕಾಸ್ಟ್ ಸೆಂಟರ್’, ಎಂದರೆ ಖರ್ಚಿನ ಖಾತೆ, ತೆರೆಯುತ್ತದೆ. ಪ್ರೋಗ್ರಾಂ ಓಡುವಾಗ ಸೆಕೆಂಡಿಗೆ ಹಲವು ಸಲ ಗಡಿಯಾರ ತಟ್ಟುತ್ತದೆ. ತಟ್ಟಿದ ಗಳಿಗೆಯಲ್ಲಿ ಯಾರ ಕೆಲಸ ನಡೆಯುತ್ತಿದೆಯೋ ಅವರ ಖಾತೆಗೆ ಒಂದು ಗುರುತು. ಮುಗಿದ ಮೇಲೆ ಒಂದು ವರದಿ ಬರುತ್ತದೆ: ಯಾವ ಫಂಕ್ಷನ್, ಎಷ್ಟು ಸಲ ಕರೆಯಲಾಯಿತು, ಶೇಕಡ ಎಷ್ಟು ಸಮಯ, ಶೇಕಡ ಎಷ್ಟು ಮೆಮೊರಿ.

ವರದಿಯಲ್ಲಿ ಸಮಯಕ್ಕೆ ಎರಡು ಕಾಲಂ ಇರುತ್ತವೆ. ಒಂದು ಆ ಫಂಕ್ಷನ್ ಸ್ವತಃ ಮಾಡಿದ ಖರ್ಚು. ಇನ್ನೊಂದು ಅದು ಕರೆದವರೆಲ್ಲರ ಖರ್ಚೂ ಸೇರಿದ್ದು. ಎಲ್ಲಕ್ಕೂ ಮೇಲಿರುವ ‘ಮೇನ್’ ಎದುರು ಎರಡನೇ ಕಾಲಂನಲ್ಲಿ 100 ಎಂದಿತ್ತು, ಮೊದಲನೆಯದರಲ್ಲಿ 0. ಒಟ್ಟು ಕಾಲಂ ಮಾತ್ರ ನೋಡಿದರೆ ಎಲ್ಲ ತಪ್ಪೂ ಮುಖ್ಯಸ್ಥನದೇ ಎಂದು ಕಾಣುತ್ತದೆ. ಸ್ವಂತ ಖರ್ಚಿನ ಕಾಲಂ ಓದುತ್ತಾ ಕೆಳಗೆ ಇಳಿಯಬೇಕು. ಹಾಗೆ ಇಳಿದಾಗ ಪದ ಒಡೆಯುವ ಫಂಕ್ಷನ್ ಎದುರು ಕಂಡದ್ದು ಶೇಕಡ 1. ನಾನು ಹೆಸರಿಡುವಾಗಲೂ ಹೆಚ್ಚು ಯೋಚಿಸದ, ‘ಈ ಪದ ಆಗಲೇ ಬಂದಿದೆಯೇ?’ ಎಂದು ನೋಡುವ ಮೂರು ಸಾಲಿನ ಫಂಕ್ಷನ್ ಎದುರು ಶೇಕಡ 96.

ಕಾರಣ ತಿಳಿದಾಗ ನಾಚಿಕೆಯಾಯಿತು. ಬಂದ ಪದಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಇಟ್ಟಿದ್ದೆ. ಹೊಸ ಪದ ಬಂದಾಗಲೆಲ್ಲ ಆ ಪಟ್ಟಿಯನ್ನು ಮೊದಲಿನಿಂದ ಹುಡುಕಬೇಕಿತ್ತು. ಒಬ್ಬ ಹುಡುಗನ ಹಾಜರಿ ಹಾಕಲು ಪ್ರತಿಸಲ ರಿಜಿಸ್ಟರ್‌ನ ಮೊದಲ ಹೆಸರಿನಿಂದ ಓದುತ್ತಾ ಬಂದ ಹಾಗೆ. ಕನ್ನಡದಲ್ಲಿ ‘ಮರ’, ‘ಮರದ’, ‘ಮರದಲ್ಲಿ’, ‘ಮರಗಳಿಂದ’ ಎಲ್ಲವೂ ಬೇರೆ ಬೇರೆ ಪದಗಳಾಗಿ ಸೇರುವುದರಿಂದ ನನ್ನ ಪಟ್ಟಿ 60,000 ದಾಟಿತ್ತು. ಒಂದು ಪದಕ್ಕೆ ಸರಾಸರಿ 20,000 ಹೋಲಿಕೆ ಎಂದು ಹಿಡಿದರೂ 3 ಲಕ್ಷ ಪದಕ್ಕೆ 600 ಕೋಟಿ ಹೋಲಿಕೆ. ಕನ್ನಡ ಭಾರ ಎಂಬುದೇನೋ ನಿಜ, ಆದರೆ ಅದು ನಾನು ಅಂದುಕೊಂಡ ಜಾಗದಲ್ಲಿ ತೂಗುತ್ತಿರಲಿಲ್ಲ.

ಪಟ್ಟಿಯನ್ನು ತೆಗೆದು ‘ಮ್ಯಾಪ್’ ಎಂಬ, ನಿಘಂಟಿನಂತೆ ಕ್ರಮದಲ್ಲಿ ಜೋಡಿಸಿದ ರಚನೆಯನ್ನು ಹಾಕಿದೆ. ಅದರಲ್ಲಿ ಪ್ರತಿ ಹೋಲಿಕೆಗೂ ಉಳಿದದ್ದರಲ್ಲಿ ಅರ್ಧದಷ್ಟು ಕೈಬಿಟ್ಟುಹೋಗುತ್ತದೆ. 60,000 ಪದಗಳಲ್ಲಿ ಒಂದನ್ನು ಹುಡುಕಲು ಸುಮಾರು 16 ಹೋಲಿಕೆ ಸಾಕು. 11 ನಿಮಿಷದ ಕೆಲಸ 3 ಸೆಕೆಂಡಿಗೆ ಇಳಿಯಿತು. ಬದಲಿಸಿದ್ದು ಎರಡು ಸಾಲು. ನಲವತ್ತು ಸಾಲಿನ ನನ್ನ ಫಂಕ್ಷನ್ ತೆಗೆದು ಹಳೆಯ ನಾಲ್ಕು ಸಾಲನ್ನೇ ಮತ್ತೆ ಹಾಕಿದೆ.

ಲೆಕ್ಕ ಯಾರ ಖಾತೆಗೆ?

ಇಲ್ಲಿಗೆ ಮುಗಿದಿದ್ದರೆ ಇದು ಯಾವ ಭಾಷೆಯಲ್ಲಾದರೂ ಆಗಬಹುದಾದ ಕಥೆ. ಹ್ಯಾಸ್ಕೆಲ್‌ನಲ್ಲಿ ಇನ್ನೊಂದು ವಿಶೇಷ ಇದೆ. ಆ ಭಾಷೆ ಸೋಮಾರಿ. ಹಾಗೆಂದು ಬೈಯುತ್ತಿಲ್ಲ, ಅದರ ಲೆಕ್ಕಾಚಾರದ ಕ್ರಮಕ್ಕೆ ಇಟ್ಟಿರುವ ಹೆಸರೇ ‘ಲೇಜಿ’. ಒಂದು ಬೆಲೆ ನಿಜವಾಗಿ ಬೇಕಾಗುವವರೆಗೆ ಅದು ಲೆಕ್ಕ ಮಾಡುವುದಿಲ್ಲ. ‘ಆಮೇಲೆ ಮಾಡುತ್ತೇನೆ’ ಎಂಬ ಚೀಟಿ ಬರೆದಿಟ್ಟು ಮುಂದೆ ಹೋಗುತ್ತದೆ. ಈ ಚೀಟಿಗೆ ‘ಥಂಕ್’ ಎನ್ನುತ್ತಾರೆ. ಬೇಡವಾದ ಲೆಕ್ಕ ತಪ್ಪುತ್ತದೆ ಎಂಬುದು ಲಾಭ. ಚೀಟಿಗಳು ರಾಶಿ ಬೀಳಬಹುದು ಎಂಬುದು ಅಪಾಯ.

ನನ್ನ ಪ್ರೋಗ್ರಾಂನಲ್ಲಿ ಬಿದ್ದಿತ್ತು. ವೇಗ ಬಂದರೂ ಮೆಮೊರಿ ಏಕೋ ಹೆಚ್ಚೇ ಇತ್ತು. ಮೆಮೊರಿಯ ಪ್ರೊಫೈಲ್ ತೆಗೆದು ನಕ್ಷೆ ಮಾಡಿದಾಗ ಇಳಿಯದೆ ಏರುತ್ತಲೇ ಹೋಗುವ ಗುಡ್ಡ ಕಂಡಿತು. ‘ಮತ್ತು’ ಎಂಬ ಪದ ಬಂದಾಗಲೆಲ್ಲ ಅದರ ಎಣಿಕೆಗೆ 1 ಕೂಡಿಸಬೇಕಿತ್ತಲ್ಲ? ಅದು ಕೂಡಿಸಿರಲಿಲ್ಲ. ‘1ಕ್ಕೆ 1 ಕೂಡಿಸು, ಅದಕ್ಕೆ 1 ಕೂಡಿಸು, ಅದಕ್ಕೆ...’ ಎಂದು ಸಾವಿರಾರು ಚೀಟಿಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿ ಇಟ್ಟುಕೊಂಡಿತ್ತು. ಕೊನೆಗೆ ಪಟ್ಟಿಯನ್ನು ಮುದ್ರಿಸುವಾಗ ಎಲ್ಲ ಚೀಟಿಯನ್ನೂ ಒಮ್ಮೆಗೇ ಬಿಚ್ಚಬೇಕಾಯಿತು. ಅದೇ ಮ್ಯಾಪ್‌ನ ‘ಸ್ಟ್ರಿಕ್ಟ್’ ರೂಪವನ್ನು ಬಳಸಿದಾಗ ಆಗಿಂದಾಗಲೇ ಕೂಡಿಸತೊಡಗಿತು. ಗುಡ್ಡ ತಗ್ಗಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮುಂದಿನ ಪ್ರಶ್ನೆ. ಕೆಲಸವನ್ನು ಒಬ್ಬರು ಮುಂದೂಡಿದರು, ಅದರ ಭಾರ ಬಿದ್ದದ್ದು ಮುದ್ರಿಸುವ ಹೊತ್ತಿನಲ್ಲಿ. ಹಾಗಾದರೆ ಖರ್ಚನ್ನು ಯಾರ ಖಾತೆಗೆ ಬರೆಯಬೇಕು? ಗಡಿಯಾರ ನೋಡಿ ಬರೆದರೆ ಪಾಪ, ಮುದ್ರಿಸುವ ಫಂಕ್ಷನ್ ಸಿಕ್ಕಿಬೀಳುತ್ತದೆ. ಪ್ಯಾಟ್ರಿಕ್ ಸ್ಯಾನ್ಸಮ್ ಮತ್ತು ಸೈಮನ್ ಪೇಟನ್ ಜೋನ್ಸ್ 1995ರಲ್ಲಿ ಪ್ರಕಟಿಸಿದ ಪ್ರಬಂಧ ಈ ಸಮಸ್ಯೆಯನ್ನೇ ಎತ್ತಿಕೊಂಡಿತ್ತು. ಕಾಸ್ಟ್ ಸೆಂಟರ್ ಎಂಬ ಕಲ್ಪನೆ ಅವರ ಕೆಲಸದಿಂದಲೇ ಈ ಕಂಪೈಲರ್‌ಗೆ ಬಂತು. ಅಲ್ಲಿನ ವ್ಯವಸ್ಥೆ ಹೀಗಿದೆ: ಚೀಟಿ ಬರೆಯುವಾಗಲೇ ಅದರ ಮೇಲೆ ಬರೆದವರ ಖಾತೆಯ ಗುರುತು ಹಾಕಿರುತ್ತದೆ. ಯಾರೇ ಬಿಚ್ಚಲಿ, ಯಾವಾಗಲೇ ಬಿಚ್ಚಲಿ, ಖರ್ಚು ಹೋಗುವುದು ಚೀಟಿ ಬರೆದವರ ಖಾತೆಗೆ.

ಎಂಟನೇ ತರಗತಿಯ ಉತ್ತರ ಪತ್ರಿಕೆಗಳು

ಇತ್ತ ಶಾಲೆಯಲ್ಲಿ ನಾನು ‘ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳು’ ಘಟಕ ಮುಗಿಸಿ 20 ಅಂಕದ ಘಟಕ ಪರೀಕ್ಷೆ ಕೊಟ್ಟಿದ್ದೆ. ತರಗತಿಯಲ್ಲಿ 38 ಮಕ್ಕಳು. 22 ಮಂದಿ ಅರ್ಧಕ್ಕಿಂತ ಕಡಿಮೆ. ಕಾರಣದ ಬಗ್ಗೆ ಇಲ್ಲಿಯೂ ನನಗೆ ಅನುಮಾನ ಇರಲಿಲ್ಲ. ಪಕ್ಷಾಂತರ ಅರ್ಥವಾಗಿಲ್ಲ ಎಂದು ತೀರ್ಮಾನಿಸಿದೆ. ನಾನೇ ಶಾಲೆಯಲ್ಲಿದ್ದಾಗ ಸಮ ಚಿಹ್ನೆ ದಾಟುವಾಗ ಧನ ಋಣವಾಗುವುದು ಏಕೆಂದು ತಿಳಿಯದೆ ಒದ್ದಾಡಿದ್ದೆ. ಹಾಗಾಗಿ ಮಕ್ಕಳ ಕಷ್ಟವೂ ಅದೇ ಎಂದುಕೊಂಡೆ.

ತಕ್ಕಡಿಯ ಮಾದರಿ ಮಾಡಿದೆ. ಬಣ್ಣದ ಚಾರ್ಟ್ ಬರೆದೆ. ನಾಲ್ಕು ಅವಧಿ ಪಕ್ಷಾಂತರವನ್ನೇ ಮತ್ತೆ ಕಲಿಸಿದೆ. ಮಕ್ಕಳು ತಕ್ಕಡಿ ನೋಡಿ ಖುಷಿಪಟ್ಟರು, ವೀಕ್ಷಣೆಗೆ ಬಂದ ಮೇಲ್ವಿಚಾರಕರು ಬೋಧನೋಪಕರಣ ಚೆನ್ನಾಗಿದೆ ಎಂದು ಬರೆದರು. ಮರುಪರೀಕ್ಷೆಯಲ್ಲಿ ಅರ್ಧಕ್ಕಿಂತ ಕಡಿಮೆ ಬಂದವರು 20. ಉಳಿದದ್ದು ಇಬ್ಬರು. ನನ್ನ ಎಂಟು ಸೆಕೆಂಡಿನ ಹಾಗೆ.

ಇದು ಮಿಂಚಿನಂತೆ ಹೊಳೆಯಿತು ಎಂದರೆ ಸುಳ್ಳಾಗುತ್ತದೆ. ಹಾಸ್ಟೆಲ್‌ನಲ್ಲಿ ನನ್ನ ಪ್ರೊಫೈಲರ್ ಪುರಾಣ ಕೇಳಿ ಕೇಳಿ ಬೇಸತ್ತ ಗೆಳತಿ ಒಂದು ರಾತ್ರಿ ಹೇಳಿದಳು: “ಪ್ರೋಗ್ರಾಂನ ಅಳೆದಿದ್ದು ಆಯ್ತಲ್ಲ, ಆ ಪೇಪರ್‌ಗಳನ್ನ ಅಳೆದ್ಯಾ? ಮಾರ್ಕ್ಸ್ ಹಾಕಿದ್ದೀಯ ಅಷ್ಟೇ ತಾನೆ?”

ಅವಳು ಹೇಳಿದ್ದು ಸರಿ. ಅಂಕ ಎಂದರೆ ‘ಮೇನ್’ ಎದುರಿನ 100 ಇದ್ದ ಹಾಗೆ. ಒಟ್ಟು ಎಷ್ಟು ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ನೈದಾನಿಕ ಪರೀಕ್ಷೆ ಎಂಬ ಪಾಠವನ್ನು ನಾವೆಲ್ಲ ಓದಿದ್ದೇವೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದೂ ಇದ್ದೇವೆ. ಆದರೆ ತರಗತಿಯಲ್ಲಿ ನಿಂತಾಗ ನನಗೆ ಅದು ನೆನಪಾಗಿರಲಿಲ್ಲ.

ಮೊದಲ ಪರೀಕ್ಷೆಯ ಪತ್ರಿಕೆಗಳು ಇನ್ನೂ ನನ್ನ ಬಳಿಯೇ ಇದ್ದವು. ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡೆ. 38 ಮಕ್ಕಳು, ನಾಲ್ಕು ಪ್ರಶ್ನೆ, ಒಟ್ಟು 152 ಉತ್ತರಗಳು. ಸರಿಯಿದ್ದವು 52, ಏನನ್ನೂ ಬರೆಯದೆ ಬಿಟ್ಟವು 19, ತಪ್ಪು 81. ತಪ್ಪಾದ ಒಂದೊಂದರಲ್ಲೂ ಮೊದಲು ತಪ್ಪಿದ ಸಾಲು ಯಾವುದು ಎಂದಷ್ಟೇ ಹುಡುಕಿ ಗುರುತು ಹಾಕುತ್ತಾ ಹೋದೆ. ಅದರ ನಂತರದ ಸಾಲುಗಳು ಹೇಗೂ ತಪ್ಪಾಗಿರುತ್ತವೆ, ಅವನ್ನು ಎಣಿಸಿದರೆ ಮೋಸ ಹೋಗುತ್ತೇವೆ.

ಫಲಿತಾಂಶ ಹೀಗಿತ್ತು. ಹೇಳಿಕೆಯಿಂದ ಸಮೀಕರಣ ರಚಿಸುವಲ್ಲಿ 9. ಪಕ್ಷಾಂತರದಲ್ಲಿ 11. ಪೂರ್ಣಾಂಕಗಳ ಸಂಕಲನ, ವ್ಯವಕಲನದಲ್ಲಿ 47. ಕೊನೆಯ ಭಾಗಾಕಾರದಲ್ಲಿ 8. ಪ್ರಶ್ನೆಯನ್ನು ನಕಲು ಮಾಡಿಕೊಳ್ಳುವಾಗ 6.

ಒಂದು ಉದಾಹರಣೆ: 3 ಎಕ್ಸ್ + 7 = 1. ಬಹುತೇಕ ಮಕ್ಕಳು 7ನ್ನು ಸರಿಯಾಗಿಯೇ ಆಚೆ ಪಕ್ಷಕ್ಕೆ ಕಳಿಸಿ 3 ಎಕ್ಸ್ = 1 − 7 ಎಂದು ಬರೆದಿದ್ದರು. ಮುಂದಿನ ಸಾಲಿನಲ್ಲಿ ಕೆಲವರಿಗೆ 6 ಬಂದಿತ್ತು, ಕೆಲವರಿಗೆ −8. ನಾನು ನಾಲ್ಕು ಅವಧಿ ಕಲಿಸಿದ ಸಾಲು ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಎಡವಿದ್ದು ಅದರ ಮುಂದಿನ ಸಾಲಿನಲ್ಲಿ. ಆ ಸಾಲಿನ ಗಣಿತ ಎಂಟನೇ ತರಗತಿಯದ್ದೂ ಅಲ್ಲ. ಪೂರ್ಣಾಂಕಗಳನ್ನು ಮಕ್ಕಳು ಎರಡು ವರ್ಷ ಹಿಂದೆಯೇ ಓದಿ ಬಂದಿದ್ದಾರೆ. ಆಗ ‘ಆಮೇಲೆ ಅರ್ಥವಾಗುತ್ತೆ’ ಎಂದು ಬಿಟ್ಟ ಚೀಟಿಯನ್ನು ಈಗ ಸಮೀಕರಣ ಬಿಚ್ಚಿಸುತ್ತಿತ್ತು. ನಾನು ಮಾತ್ರ ಖರ್ಚನ್ನು ಸಮೀಕರಣದ ಖಾತೆಗೆ ಬರೆದುಕೊಂಡು ಕೂತಿದ್ದೆ.

ಮಾರ್ಗದರ್ಶಕ ಶಿಕ್ಷಕರಿಗೆ ಈ ಪಟ್ಟಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಇದನ್ನ ಮೊದಲೇ ಮಾಡಿದ್ರೆ ನಾಲ್ಕು ಪೀರಿಯಡ್ ಉಳೀತಿತ್ತಲ್ಲಮ್ಮಾ” ಎಂದರು. ಎರಡು ಅವಧಿ ಕೊಟ್ಟರು. ಸಂಖ್ಯಾರೇಖೆಯನ್ನು ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಕ್ಕಳನ್ನೇ ಅದರ ಮೇಲೆ ನಡೆಸಿದೆ. 1ರ ಮೇಲೆ ನಿಂತು ಏಳು ಹೆಜ್ಜೆ ಹಿಂದಕ್ಕೆ ಹೋದ ಹುಡುಗ −6ರ ಮೇಲೆ ನಿಂತು ತಾನೇ ಬೆರಗಾದ. ಅದೇ ರೀತಿಯ ನಾಲ್ಕು ಪ್ರಶ್ನೆ ಕೊಟ್ಟು ಮತ್ತೆ ಅಳೆದಾಗ ತಪ್ಪುಗಳು 81ರಿಂದ 46ಕ್ಕೆ ಇಳಿದಿದ್ದವು. ಪೂರ್ಣಾಂಕದಲ್ಲಿ 15, ಪಕ್ಷಾಂತರದಲ್ಲಿ 12, ಸಮೀಕರಣ ರಚನೆಯಲ್ಲಿ 10, ಭಾಗಾಕಾರದಲ್ಲಿ 5, ನಕಲು ಮಾಡುವಲ್ಲಿ 4. ಪಕ್ಷಾಂತರದ ಅಂಕಿ 11 ಇದ್ದದ್ದು 12 ಆಗಿದೆ ಎಂಬುದನ್ನು ಗಮನಿಸಬೇಕು. ನನ್ನ ತಕ್ಕಡಿ ಮತ್ತು ಚಾರ್ಟಿನ ನಾಲ್ಕು ಅವಧಿಗಳ ನಿಜವಾದ ಮೌಲ್ಯಮಾಪನ ಅದು.

ಪಟ್ಟಿಯಲ್ಲಿ ಕಾಣದ ವಿದ್ಯಾರ್ಥಿನಿ

ಈಗ ಆ ಕೆಂಪು ಸಾಲಿನ ಮಾತಿಗೆ ಬರುತ್ತೇನೆ. ಈ ವಿದ್ಯಾರ್ಥಿನಿ ಹತ್ತು ಲೆಕ್ಕಗಳಲ್ಲಿ ಮೂರನ್ನು ಮಾತ್ರ ಮಾಡಿದ್ದಳು. ಅಂಕ ಆರು. ಆರು ಅಂಕ ನೋಡಿ ‘ನಿಧಾನ ಕಲಿಕೆ’ ಎಂದು ಬರೆದುಬಿಟ್ಟೆ. ನನ್ನ ಮಾತನ್ನು ನಂಬಿ ಶಾಲೆಯವರು ಅವಳನ್ನು ಪರಿಹಾರ ಬೋಧನೆಯ ಗುಂಪಿಗೆ ಸೇರಿಸಿದರು. ಆ ಗುಂಪು ನಡೆಯುತ್ತಿದ್ದದ್ದು ಆಟದ ಅವಧಿಯಲ್ಲಿ.

ನನ್ನ 81 ತಪ್ಪುಗಳ ಪಟ್ಟಿಯಲ್ಲಿ ಅವಳು ಒಂದು ಕಡೆಯೂ ಇರಲಿಲ್ಲ. ಅವಳು ಮಾಡಿದ ಮೂರೂ ಲೆಕ್ಕ ಸರಿ, ಪಕ್ಷಾಂತರ ಸರಿ, ಪೂರ್ಣಾಂಕ ಸರಿ. ಉಳಿದವು ಖಾಲಿ. ನಾನು ಖಾಲಿ ಬಿಟ್ಟ 19ನ್ನು ಬದಿಗಿಟ್ಟು ತಪ್ಪುಗಳನ್ನು ಮಾತ್ರ ಎಣಿಸಿದ್ದೆ. ಯಾವ ಅಳತೆಗೂ ತನ್ನದೇ ಕುರುಡು ಇರುತ್ತದೆ. ಹ್ಯಾಸ್ಕೆಲ್‌ನ ಸಮಯದ ಪ್ರೊಫೈಲ್ ಕೂಡ ಪ್ರೋಗ್ರಾಂ ದುಡಿದ ಹೊತ್ತನ್ನು ಎಣಿಸುತ್ತದೆ, ಕಡತಕ್ಕಾಗಿ ಅಥವಾ ಜಾಲಕ್ಕಾಗಿ ಕಾದು ಕೂತ ಹೊತ್ತನ್ನು ಎಣಿಸುವುದಿಲ್ಲ. ಕಾಯುವುದರಿಂದಲೇ ನಿಧಾನವಾದ ಪ್ರೋಗ್ರಾಂನ ವರದಿಯಲ್ಲಿ ಎಲ್ಲರೂ ನಿರಪರಾಧಿಗಳಾಗಿ ಕಾಣುತ್ತಾರೆ.

ಗ್ರಂಥಾಲಯದ ಅವಧಿಯಲ್ಲಿ ಅವಳ ಪಕ್ಕ ಕೂತೆ. ಒಂದು ಲೆಕ್ಕ ಮಾಡಲು ಹೇಳಿದೆ. ಅದರಲ್ಲಿ 8 × 7 ಬಂತು. ಪೆನ್ಸಿಲ್ ತೆಗೆದುಕೊಂಡು ಪುಟದ ಅಂಚಿನಲ್ಲಿ ಸಣ್ಣದಾಗಿ 8, 16, 24, 32 ಎಂದು ಬರೆಯುತ್ತಾ 56ಕ್ಕೆ ಬಂದಳು. ಉತ್ತರವನ್ನು ಒಳಗೆ ಬರೆದು, ಅಂಚಿನದನ್ನು ರಬ್ಬರಿನಿಂದ ಪೂರ್ತಿ ಅಳಿಸಿದಳು. ಎರಡು ಸಾಲು ಕೆಳಗೆ ತಾಳೆ ನೋಡುವಾಗ ಮತ್ತೆ 8 × 7 ಬಂತು. ಮತ್ತೆ 8, 16, 24.

“ಯಾಕಮ್ಮಾ ಅಳಿಸ್ತೀಯ?”

“ಗಲೀಜ್ ಕಾಣತ್ತೆ ಮಿಸ್.”

ಅವಳ ಉತ್ತರ ಪತ್ರಿಕೆ ತರಗತಿಯಲ್ಲೇ ಅತಿ ಚೊಕ್ಕಟವಾದದ್ದು. ಅಳಿಸಿದ ಗುರುತುಗಳನ್ನು ನಾನು ಮೌಲ್ಯಮಾಪನ ಮಾಡುವಾಗ ನೋಡಿಯೇ ಇರಲಿಲ್ಲ. ಪ್ರೊಫೈಲರ್ ವರದಿಯಲ್ಲಿ ‘ಎಷ್ಟು ಸಲ ಕರೆಯಲಾಯಿತು’ ಎಂಬ ಕಾಲಂ ಇದೆ ಎಂದೆನಲ್ಲ, ಅದರ ಅರ್ಥ ನನಗೆ ಅಂದು ಪೂರ್ತಿ ಆಯಿತು. ಒಂದು ಸಣ್ಣ ಕೆಲಸ ತನ್ನಷ್ಟಕ್ಕೆ ಭಾರವಲ್ಲ. ಅದನ್ನು ಮತ್ತೆ ಮತ್ತೆ ಮಾಡಿದರೆ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಒಮ್ಮೆ ಕಂಡುಕೊಂಡ ಬೆಲೆಗೆ ಹೆಸರಿಟ್ಟು ಉಳಿಸಿಕೊಂಡರೆ ಹ್ಯಾಸ್ಕೆಲ್ ಅದನ್ನು ಮತ್ತೆ ಲೆಕ್ಕ ಮಾಡುವುದಿಲ್ಲ. ಈ ಹುಡುಗಿ ಕಂಡುಕೊಂಡದ್ದನ್ನು ನೀಟಾಗಿ ಕಾಣಲೆಂದು ಅಳಿಸಿ, ಮತ್ತೆ ಕಂಡುಕೊಳ್ಳುತ್ತಿದ್ದಳು. ಸಮೀಕರಣದ ತಿಳಿವಳಿಕೆಯಲ್ಲಿ ಅವಳು ನಿಧಾನ ಇರಲಿಲ್ಲ, ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ ಅಷ್ಟೆ.

ಎರಡು ಕೆಲಸ ಮಾಡಿದೆ. ಬಲಗಡೆ ಒಂದು ಗೆರೆ ಎಳೆದು, ಅದರಾಚೆ ಬರೆದದ್ದನ್ನು ಅಳಿಸಕೂಡದು, ಅದಕ್ಕೆ ಅಂಕ ಕಳೆಯುವುದಿಲ್ಲ ಎಂದು ಇಡೀ ತರಗತಿಗೆ ಹೇಳಿದೆ. ಅವಳ ಪುಸ್ತಕದ ರಟ್ಟಿನ ಒಳಗೆ ಮಗ್ಗಿ ಕೋಷ್ಟಕ ಅಂಟಿಸಿ, ದಿನಕ್ಕೆ ಒಂದು ಮಗ್ಗಿಯನ್ನು ಕೈ ಅಡ್ಡ ಹಿಡಿದು ಹೇಳಲು ಅಭ್ಯಾಸ ಮಾಡಿಸಿದೆ. ಮುಂದಿನ ಪರೀಕ್ಷೆಯಲ್ಲಿ ಹತ್ತರಲ್ಲಿ ಏಳು ಲೆಕ್ಕ ಮಾಡಿದಳು, ಆರು ಸರಿ. ದಾಖಲೆ ಪುಸ್ತಕದ ಕೆಂಪು ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ‘ಸಮೀಕರಣ ಬಿಡಿಸುವ ಹಂತಗಳು ಸರಿ. ಗುಣಾಕಾರವನ್ನು ಪುನರಾವರ್ತಿತ ಸಂಕಲನದಿಂದ ಮಾಡುತ್ತಾಳೆ, ಬರೆದದ್ದನ್ನು ಅಳಿಸುತ್ತಾಳೆ’ ಎಂದು ಬರೆದೆ. ಮಾರ್ಗದರ್ಶಕ ಶಿಕ್ಷಕರು ಅದರ ಪಕ್ಕ ಸಹಿ ಹಾಕಿ ಅವಳನ್ನು ಆಟದ ಅವಧಿಗೆ ವಾಪಸು ಕಳಿಸಿದರು.

ಆದರೆ ಅಷ್ಟರಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಖೋ ಖೋ ತಂಡದ ಆಯ್ಕೆ ಮುಗಿದಿತ್ತು. ಅವಳು ಹಿಂದಿನ ವರ್ಷ ತಂಡದಲ್ಲಿ ಆಡಿದವಳು ಎಂದು ನನಗೆ ಗೊತ್ತಾದದ್ದು ಆಗ. ಎರಡು ವಾರ ಅಭ್ಯಾಸ ತಪ್ಪಿದ್ದರಿಂದ ಈ ಸಲ ಹೆಚ್ಚುವರಿ ಆಟಗಾರ್ತಿಯಾಗಿ ಹೋಗಿ ಬಂದಳು. ದೈಹಿಕ ಶಿಕ್ಷಕರ ಹತ್ತಿರ ಹೋಗಿ ತಪ್ಪು ನನ್ನದು ಎಂದು ಹೇಳಿದೆ. ಅವರು ಬೈಯಲಿಲ್ಲ. “ಮುಂದಿನ ವರ್ಷ ಇದ್ದೇ ಇದೆ ಬಿಡಿ” ಎಂದರು. ಅವಳ ಹತ್ತಿರವೂ ಹೇಳಿದೆ. “ಪರವಾಗಿಲ್ಲ ಮಿಸ್” ಎಂದು ನೆಲ ನೋಡಿದಳು. ಪರವಾಗಿಲ್ಲ ಎಂದು ನನಗೆ ಅನ್ನಿಸಲಿಲ್ಲ.

ಹೋಲಿಕೆ ನಿಲ್ಲುವ ಜಾಗ

ಪ್ರೋಗ್ರಾಂಗೂ ಮಗುವಿಗೂ ಹೋಲಿಕೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ನನ್ನ ಪ್ರೋಗ್ರಾಂ ಅನ್ನು ಅದೇ ಕಡತದ ಮೇಲೆ ನೂರು ಸಲ ಓಡಿಸಿ ಅಳೆಯಬಹುದು, ಅದಕ್ಕೆ ಬೇಸರವಿಲ್ಲ, ಅವಮಾನವಿಲ್ಲ, ತಪ್ಪಿಹೋಗುವ ಆಟವಿಲ್ಲ. 11 ನಿಮಿಷ ವ್ಯರ್ಥವಾದರೆ ನಷ್ಟ ನನ್ನದು. ತರಗತಿಯಲ್ಲಿ ನನ್ನ ಊಹೆಯ ನಷ್ಟವನ್ನು ಇನ್ನೊಬ್ಬರು ತೆತ್ತರು.

ಇನ್ನೊಂದು ಮಾತು ಮಾತ್ರ ಎರಡಕ್ಕೂ ಹೊಂದುತ್ತದೆ. ಅಳೆಯುವುದರಿಂದಲೇ ಅಳೆಯುವ ವಸ್ತು ಬದಲಾಗುತ್ತದೆ. ಪ್ರತಿ ಫಂಕ್ಷನ್‌ಗೂ ಖಾತೆ ತೆರೆದಾಗ ಕಂಪೈಲರ್ ಸಾಮಾನ್ಯವಾಗಿ ಮಾಡುವ ಕೆಲವು ಸುಧಾರಣೆಗಳನ್ನು ಮಾಡಲಾರದು. ಒಂದು ಫಂಕ್ಷನ್ ಅನ್ನು ಇನ್ನೊಂದರೊಳಗೆ ಕರಗಿಸಿಬಿಟ್ಟರೆ ಯಾರ ಖರ್ಚು ಎಷ್ಟು ಎಂದು ಹೇಳುವುದು ಹೇಗೆ? ಹಾಗಾಗಿ ಪ್ರೊಫೈಲ್ ಮಾಡುವಾಗ ಪ್ರೋಗ್ರಾಂ ಮಾಮೂಲಿಗಿಂತ ನಿಧಾನ, ಅಂಕಿಗಳೂ ಒಂಚೂರು ಓರೆ. ಅದಕ್ಕೆ ತಿಳಿದವರು ಅನುಮಾನ ಬಂದ ಕೆಲವು ಜಾಗಕ್ಕೆ ಮಾತ್ರ ಖಾತೆ ತೆರೆಯುತ್ತಾರೆ, ಕೊನೆಗೆ ಪ್ರೊಫೈಲರ್ ಇಲ್ಲದೆಯೂ ಓಡಿಸಿ ಗಡಿಯಾರ ನೋಡುತ್ತಾರೆ. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕೂತ ದಿನ ನಮ್ಮ ತರಗತಿ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ನಾನು ಪಕ್ಕ ಕೂತದ್ದರಿಂದ ಆ ಹುಡುಗಿ ಅಂದು ಮಾಮೂಲಿಗಿಂತ ಹೆಚ್ಚು ಅಳಿಸಿರಬಹುದು. ಅದಕ್ಕೇ ಅವಳ ಹಳೆಯ ಪತ್ರಿಕೆಯನ್ನು ಬೆಳಕಿಗೆ ಹಿಡಿದು ಅಳಿಸಿದ ಗುರುತುಗಳನ್ನು ಮತ್ತೆ ನೋಡಿದೆ. ಅವು ಅಲ್ಲಿಯೂ ಇದ್ದವು.

ಬೋಧನಾಭ್ಯಾಸಕ್ಕೆ ಹೋಗುವ ಗೆಳೆಯರಿಗೆ ನನ್ನ ಸಲಹೆ ಸಣ್ಣದು. ಘಟಕ ಪರೀಕ್ಷೆ ಆದ ಮೇಲೆ ಮರುಬೋಧನೆಯ ಪಾಠಯೋಜನೆ ಬರೆಯುವ ಮೊದಲು ಮೂರೋ ನಾಲ್ಕೋ ಪ್ರಶ್ನೆ ಆರಿಸಿ, ಮೊದಲು ತಪ್ಪಿದ ಸಾಲನ್ನು ಮಾತ್ರ ಗುರುತಿಸಿ. 38 ಪತ್ರಿಕೆಗಳಿಗೆ ನನಗೆ ಎರಡು ಗಂಟೆ ಹಿಡಿಯಿತು, ತಕ್ಕಡಿ ಮಾಡಲು ಅದಕ್ಕಿಂತ ಹೆಚ್ಚು ಹಿಡಿದಿತ್ತು. ಖಾಲಿ ಬಿಟ್ಟ ಉತ್ತರಗಳಿಗೆ ಬೇರೆ ಕಾಲಂ ಇಡಿ, ಆ ಮಕ್ಕಳ ಪಕ್ಕ ಹತ್ತು ನಿಮಿಷ ಕೂತು ಕೈ ನೋಡಿ. ಹೆಚ್ಚು ಅಂಕಿ ಬಂದ ಒಂದೇ ಜಾಗವನ್ನು ಸರಿಪಡಿಸಿ, ಮತ್ತೆ ಅಳೆಯಿರಿ.

ನನ್ನ ಪದಪಟ್ಟಿ ಈಗ ಪೂರ್ತಿಯಾಗಿದೆ. ಮುಂದಿನ ತಿಂಗಳು ಎರಡನೇ ಹಂತದ ಬೋಧನಾಭ್ಯಾಸಕ್ಕೆ ಬೇರೆ ಶಾಲೆಗೆ ಹೋಗುತ್ತೇನೆ. ಹೊಸ ದಾಖಲೆ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದಿನ ಕಾಲಂಗೆ ‘ಷರಾ’ ಎಂಬ ತಲೆಬರಹ ಅಚ್ಚಾಗಿದೆ. ಅದರ ಕೆಳಗೆ ನಾನು ಪೆನ್ಸಿಲ್‌ನಲ್ಲಿ ‘ಕಂಡದ್ದು, ಯಾವ ದಿನ’ ಎಂದು ಬರೆದುಕೊಂಡಿದ್ದೇನೆ.